ಹಾಯುವ ಮನೆಯ ಹಣಮಮ್ಮ

ಕಾಗಿಣಾ ಹೊಳೆಯ ದಂಡೆಯ ಮುತ್ತಗಡದಲ್ಲಿ ಸಾಬಣ್ಣ ಎಂಬವನಿದ್ದ. ನಿಜಾಮನ ಕಾಲದಲ್ಲಿ ತಹಸೀಲ್ದಾರನ ಕುದುರೆ ಹೊಳೆ ಕಂಡು ಹೆದರಿ ನಾಲ್ಕೂ ಕಾಲು ಊರಿ ನಿಂತಾಗ, ಅದರ ಕಣ್ಣಿಗೆ ತನ್ನ ತಲೆಯ ಪಟಗಾ ಬಿಚ್ಚಿ ಕಟ್ಟಿ, ಲಗಾಮು ಹಿಡಿದು, ಕುದುರೆಯನ್ನೂ ಅದರ ಮೇಲೆ ಬೆವರುತ್ತಿದ್ದ ಸಾಹೇಬನನ್ನೂ ಆಚೆ ದಂಡೆಗೆ ಹಾಯಿಸಿದವನು ಅವನೇ. ಅವನ ತಮ್ಮ ದ್ಯಾವಪ್ಪ. ಊರಿಗೆ ಪ್ಲೇಗು ಬಂದ ವರ್ಷ ವೀರಭದ್ರನ ಗುಡಿಯ ಮುಂದೆ ಅಗ್ಗಿ ತೋಡಿದರು. ಹರಕೆ ಹೊತ್ತವರೆಲ್ಲ ಕೆಂಡದ ಝಳಕ್ಕೆ ಹಿಂದೆ ಸರಿದಾಗ, ಬಾಯಲ್ಲಿದ್ದ ಎಲೆಅಡಿಕೆಯನ್ನೂ ಉಗುಳದೆ ಆ ಕೆಂಡ ಹಾಯ್ದವನು ದ್ಯಾವಪ್ಪ. ಸಾಬಣ್ಣನ ಮಗ ಭೀಮಶಾ. ದನಗಳನ್ನು ಹೊಳೆ ಹಾಯಿಸುವಾಗ ನಡುನೀರಿನಲ್ಲಿ ಹೋರಿಯೊಂದು ತಿರುಗಿ ಅವನನ್ನೇ ಹಾಯ್ದು ತೊಡೆಗೆ ಕೋಡು ಇಳಿಸಿತು. ಭೀಮಶಾ ಆ ಕೋಡು ಬಿಡಲಿಲ್ಲ. ಅದೇ ಹೋರಿಯನ್ನು ದಂಡೆಗೆ ಎಳೆದು ತಂದು, ಗೂಟಕ್ಕೆ ಕಟ್ಟಿ, ಗಂಟು ಬರೋಬ್ಬರಿ ಬಿದ್ದಿದೆಯೇ ಎಂದು ಜಗ್ಗಿ ನೋಡಿ, ಆಮೇಲೆ ಬವಳಿ ಬಂದು ಬಿದ್ದ. ಅವನ ಹೆಂಡತಿ ಯಂಕಮ್ಮ ಎತ್ತು ಸತ್ತ ವರ್ಷ ತಾನೇ ಕಪಿಲೆಯ ಹಗ್ಗಕ್ಕೆ ಹೆಗಲು ಕೊಟ್ಟು ಬಾವಿಯ ನೀರೆತ್ತಿ ಮೆಣಸಿನ ಮಡಿಗಳಿಗೆ ಹಾಯಿಸಿದವಳು. ಇವರಿಬ್ಬರ ಮಗ ಹಣಮಂತರಾಯ. ತುಂಬಿದ ಹೊಳೆಯ ಆಚೆ ಸಿಕ್ಕಿಬಿದ್ದ ದಿಬ್ಬಣವನ್ನು ಹೊತ್ತು ಮೀರುವುದರೊಳಗೆ ಈಚೆಗೆ ತಂದು, ಮದುಮಗಳ ಕಾಲಿನ ಅರಿಶಿನ ತೊಳೆದು ಹೋಗಬಾರದೆಂದು ಆಕೆಯನ್ನು ಹೆಗಲ ಮೇಲೆ ಕೂಡಿಸಿಕೊಂಡು ಬಂದವನು. ಆ ಮದುಮಗಳು ಈಗ ಮೊಮ್ಮಕ್ಕಳನ್ನು ಕಂಡ ಮುದುಕಿ. ಹೆಗಲಿನ ಮಾತು ತೆಗೆದರೆ ಇನ್ನೂ ಸೆರಗು ಬಾಯಿಗೆ ಹಿಡಿದು ನಗುತ್ತಾಳೆ.

ಇಷ್ಟು ಮಂದಿಯ ಬಾಳು ಒಂದೇ ಕ್ರಿಯಾಪದದ ಹೊಟ್ಟೆಯಲ್ಲಿ ಹಿಡಿಸುತ್ತದೆ. ಹಾಯುವುದು. ಹೊಳೆ ಹಾಯುವುದು, ಕೆಂಡ ಹಾಯುವುದು, ಹೋರಿ ಹಾಯುವುದು, ಹೊಲಕ್ಕೆ ನೀರು ಹಾಯಿಸುವುದು. ಕೂತಲ್ಲಿಂದಲೇ ದೂರಕ್ಕೆ ಕಣ್ಣು ಹಾಯಿಸುವುದೂ ಉಂಟು. ಹಳೆಗನ್ನಡದವರು ಇದನ್ನು ‘ಪಾಯ್’ ಎನ್ನುತ್ತಿದ್ದರು. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಪಾಯ್ ಹಾಯ್ ಆಯಿತು. ಆಗ ಅದಕ್ಕೆ ಜಿಗಿಯುವುದು, ಮೇಲೆ ನುಗ್ಗುವುದು ಎಂಬ ಬಿರುಸಿತ್ತು. ತಮಿಳರಲ್ಲಿ ಇವತ್ತಿಗೂ ಹುಲಿ ಪಾಯುತ್ತದೆ, ಹೊಳೆಯೂ ಪಾಯುತ್ತದೆ. ಸೇಡಂ, ಚಿಂಚೋಳಿಗಳ ಗಡಿ ಕಡೆ ತೆಲುಗು ಮಾತಾಡುವವರು ಹೊಳೆ ಸೀಳಿ ಹರಿದರೆ ಒಂದೊಂದು ಸೀಳಿಗೂ ‘ಪಾಯ’ ಎನ್ನುತ್ತಾರೆ. ಅದು ಇದೇ ಬೇರಿನದೋ, ಬೇರೆ ಬೇರಿನದೋ ತಿಳಿದವರು ಹೇಳಬೇಕು. ಒಂದು ಮಾತ್ರ ಖರೆ. ದಾಟುವವನಿಗೂ ಹಾಯುವವನಿಗೂ ಅಂತರವಿದೆ. ಸೇತುವೆಯ ಮೇಲಿಂದ ಹೋದವನು ಹೊಳೆ ದಾಟಿದ. ಅವನ ಧೋತರದ ಅಂಚೂ ತೋಯಲಿಲ್ಲ. ಹಾಯುವವನು ಅದರೊಳಗೇ ಹೋಗಬೇಕು. ನೀರಾದರೂ ಅಷ್ಟೆ, ಬೆಂಕಿಯಾದರೂ ಅಷ್ಟೆ.

ಹಣಮಂತರಾಯನಿಗೆ ಗಂಡು ಹುಟ್ಟಲಿಲ್ಲ. ಹುಟ್ಟಿದವಳು ಹಣಮಮ್ಮ ಒಬ್ಬಳೇ, ಅವಳೂ ಕೂತಲ್ಲಿ ಕೂಡದ ಕೂಸು. ತೊಟ್ಟಿಲಲ್ಲಿ ಹಾಕಿದರೆ ತೊಟ್ಟಿಲಿನ ಹಗ್ಗ ಹತ್ತುತ್ತಿದ್ದಳು. ಉಣ್ಣಲು ಕೂಡಿಸಿದರೆ ರೊಟ್ಟಿ ಕೈಯಲ್ಲಿ ಹಿಡಿದು ಓಣಿ ಸುತ್ತಿ ಬರುತ್ತಿದ್ದಳು. ಈ ಕಾಲುಗಳನ್ನು ಯಾವುದಾದರೂ ಕೆಲಸಕ್ಕೆ ಹಚ್ಚದಿದ್ದರೆ ಮನೆ ಹಾಳಾದೀತು ಎಂದು ಅಪ್ಪ ಅವಳನ್ನು ಹೊಳೆಗಿಳಿಸಿದ.

ಮುತ್ತಗಡದ ಊರು ಈಚೆ ದಂಡೆಗಿದೆ, ಹೊಲಗಳು ಆಚೆ. ಹೊಳೆ ಪ್ರತಿ ಮಳೆಗಾಲಕ್ಕೂ ತನ್ನ ತಳ ಬದಲಿಸುತ್ತದೆ. ಹೋದ ವರ್ಷ ಮೊಳಕಾಲು ಮುಟ್ಟಿದ ನೀರು ಈ ವರ್ಷ ಅದೇ ಜಾಗದಲ್ಲಿ ಆಳು ಮುಳುಗಿಸುತ್ತದೆ. ಆದ್ದರಿಂದ ಹೊಳೆ ಇಳಿದ ಮೇಲೆ, ಶೀಗಿ ಹುಣ್ಣಿಮೆಯ ಆಸುಪಾಸಿಗೆ, ಈ ಮನೆಯವರೊಬ್ಬರು ಮೊದಲು ನೀರಿಗಿಳಿಯಬೇಕು. ಅಂಗಾಲಿನಿಂದ ತಳ ತಡವುತ್ತ ಆಚೆ ಮುಟ್ಟಬೇಕು. ತಿರುಗಿ ಬರುವಾಗ ಎಡಬಲಕ್ಕೆ ಜಾಲಿಯ ಗೂಟ ನೆಡುತ್ತ ಬರಬೇಕು. ಆ ಗೂಟಗಳ ನಡುವಿನ ದಾರಿಯೇ ಹಾಯ್ಗಡ. ಕಳೆ ತೆಗೆಯುವ ಹೆಣ್ಣುಮಕ್ಕಳು, ಕುರಿ, ಬಂಡಿ, ಎಲ್ಲ ಅದರಲ್ಲೇ ಹೋಗಬೇಕು. ಊರಲ್ಲಿ ಗೌಡರ ಮನೆ, ಮಠದ ಮನೆ ಎಂದಂತೆ ಇದಕ್ಕೂ ‘ಹಾಯುವ ಮನೆ’ ಎಂದು ಹೆಸರಾಯಿತು.

ಅಪ್ಪ ಕಲಿಸಿದ್ದು ಹೆಚ್ಚೇನಿಲ್ಲ. ಬೆನ್ನು ಹಣಮಪ್ಪನ ಗುಡಿಯ ಕಟ್ಟೆಗಿರಲಿ, ಮುಖ ಸಿಮೆಂಟು ಕಾರ್ಖಾನೆಯ ಚಿಮಣಿಗಿರಲಿ, ಹೊಳೆ ಎಷ್ಟು ತಳ ಬದಲಿಸಿದರೂ ಈ ಗೆರೆಯ ಅಕ್ಕಪಕ್ಕದಲ್ಲೇ ಕಾಲಿಗೆ ನೆಲ ಸಿಗುತ್ತದೆ, ಗೆರೆ ಬಿಟ್ಟು ದೂರ ಸರಿಯಬೇಡ ಎಂದ. ಅವನ ಅಪ್ಪನ ಕಾಲಕ್ಕೆ ಚಿಮಣಿಯ ಜಾಗದಲ್ಲಿ ಒಂದು ಹುಣಸೆಮರ ಗುರುತಾಗಿತ್ತಂತೆ. ಮರ ಬಿತ್ತು, ಅದೇ ದಿಕ್ಕಿಗೆ ದೂರದಲ್ಲಿ ಚಿಮಣಿ ಎದ್ದಿತು. ಹೊಳೆಯವರಿಗೆ ಗುರುತು ಮರದ್ದಾದರೇನು, ಹೊಗೆಯದ್ದಾದರೇನು.

ಚಿಂಚೋಳಿಯ ಗುಡ್ಡದ ಸೀಮೆಯ ಅಂಬರಾಯನಿಗೆ ಅವಳನ್ನು ಕೊಟ್ಟರು. ಆ ಊರಲ್ಲಿ ಹಳ್ಳ ಮಳೆಗಾಲಕ್ಕೆ ಮಾತ್ರ ಹರಿಯುತ್ತದೆ. ಹಣಮಮ್ಮ ಕೆಲವು ತಿಂಗಳು ಅಂಗಳದಿಂದ ಹಿತ್ತಲಿಗೆ, ಹಿತ್ತಲಿನಿಂದ ಅಂಗಳಕ್ಕೆ ತಿರುಗಿದಳು. ಕಡೆಗೆ ಅತ್ತೆಯೇ, “ಏ ಅಂಬ್ರ್ಯಾ, ನಿನ್ನ ಹೆಂಡ್ತಿ ನನ್ನ ನೆಲ ಸವಸಲಿಕತ್ತಾಳ. ಇಕಿನ ಹೊಳಿ ಕಡಿ ಕರಕೊಂಡು ಹೋಗು” ಎಂದಳಂತೆ. ಹೀಗೆ ಗಂಡನನ್ನು ಕಟ್ಟಿಕೊಂಡು ತವರಿಗೆ ಬಂದವಳು, ಬಂದ ಮೇಲೂ ಒಂದು ಕಡೆ ನಿಂತಳೇ? ವಾಡಿಯಿಂದ ನಾಲವಾರದವರೆಗೆ ರೈಲಿನಲ್ಲಿ ಕುದಿಸಿದ ಶೇಂಗಾ ಮಾರಿದಳು. ಗಾಡಿ ನಿಲ್ಲುವ ಮೊದಲೇ ಇಳಿದು ಪೊಲೀಸರಿಂದ ಬೈಸಿಕೊಂಡಳು. ಸೇಡಂನಲ್ಲಿ ಬೇಳೆಯ ಗಿರಣಿಗೆ ಹೋದಳು. ಅಲ್ಲಿ ಕೂತು ಆರಿಸುವ ಕೆಲಸ, ವಾರದಲ್ಲಿ ಬಿಟ್ಟಳು. ಕಡೆಗೆ ಶಹಾಬಾದದ ಫರಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲಿನ, ಕಾರ್ಖಾನೆ ಒಗ್ಗಿತು. ಅಂಬರಾಯ ಕಲ್ಲು ಹೇರುವುದು, ಹಣಮಮ್ಮ ಪಾಲಿಶ್ ಆದ ಕಲ್ಲಿನ ಮೇಲೆ ನೀರು ಹೊಡೆದು ಒರೆಸುವುದು. ಬರಿಗಾಲಲ್ಲಿ ಒದ್ದೆ ಕಲ್ಲಿನ ಮೇಲೆ ದಿನವೆಲ್ಲ ನಡೆದಾಡುವ ಕೆಲಸ ಅವಳಿಗೆ ಹಿಡಿಸಿತು. ಹಣಮಂತರಾಯ ತೀರಿದ ಮೇಲೆ, ವರ್ಷಕ್ಕೊಮ್ಮೆ ಹುಣ್ಣಿಮೆ ಹೊತ್ತಿಗೆ ರಜೆ ಹಾಕಿ, ಸೀರೆಯ ಕಚ್ಚೆ ಬಿಗಿದು ಹೊಳೆಗಿಳಿಯುವವಳು ಅವಳೇ ಆದಳು. ಹೆಂಗಸು ಮುಂದೆ ಹೋಗುವುದೇ ಎಂದು ಮೊದಲ ವರ್ಷ ಒಂದಿಬ್ಬರು ಗೊಣಗಿದರು. ಎರಡನೆಯ ವರ್ಷ ಅವರೂ ಕೆರವು ಕೈಯಲ್ಲಿ ಹಿಡಿದು ಅವಳ ಹಿಂದೆ ಬಂದರು.

ಹೀಗೆಯೇ ನಡೆದಿದ್ದರೆ ಹೇಳುವ ಕಥೆ ಏನೂ ಇರುತ್ತಿರಲಿಲ್ಲ. ಹೋದ ವರ್ಷ ತಪ್ಪಾಯಿತು. ಕಾರ್ಖಾನೆಯವರು ಹಳೆಯ ಚಿಮಣಿಯ ಪಕ್ಕದಲ್ಲಿ ಹೊಸದೊಂದನ್ನು ಎಬ್ಬಿಸಿ, ಹಳೆಯದರ ತಲೆ ಕತ್ತರಿಸಿದ್ದರು. ಹಣಮಮ್ಮ ವರ್ಷವೆಲ್ಲ ಶಹಾಬಾದದ ಕಲ್ಲಿನ ಧೂಳಿನಲ್ಲಿದ್ದವಳು, ಮುತ್ತಗಡದಿಂದ ಆ ದಿಕ್ಕಿಗೆ ಕಣ್ಣು ಹಾಯಿಸಿ ನೋಡಿರಲಿಲ್ಲ. ಹುಣ್ಣಿಮೆಯ ಬೆಳಿಗ್ಗೆ ಮಂಜಿನಲ್ಲಿ ಒಂದೇ ಚಿಮಣಿ ಕಂಡಿತು. ಅಪ್ಪನ ಚಿಮಣಿಯೇ ಎಂದುಕೊಂಡು ಮುಖ ಮಾಡಿ ನಡೆದಳು. ಗೆರೆ ಒಂದಿಷ್ಟು ಕೆಳಗೆ ಸರಿಯಿತು. ತಾನೇನೋ ಎದೆಮಟ್ಟದ ನೀರಿನಲ್ಲಿ ಹೇಗೋ ಕಾಲೂರಿ ಹೋದಳು, ಗೂಟವನ್ನೂ ನೆಟ್ಟಳು. ಆದರೆ ಅವಳ ಹಿಂದೆಯೇ ಮೊದಲನೆಯವಳಾಗಿ ಕಳೆ ತೆಗೆಯಲು ಹೊರಟ ಕೂಲಿಯ ಅನಸುಬಾಯಿ ಒಂದು ಗೇಣು ಗಿಡ್ಡ. ಬುತ್ತಿ ತಲೆಯ ಮೇಲಿತ್ತು, ಕಾಲು ತಪ್ಪಿತು. ಹೊಳೆ ಅವಳನ್ನು ಒಯ್ದು ತಿರುವಿನ ಜಾಲಿಕಂಟಿಗೆ ಒಗೆಯಿತು. ಜೀವ ಉಳಿಯಿತು, ಬಲಗೈ ಮುರಿಯಿತು.

ಯಾರೂ ಹಣಮಮ್ಮನ ಮುಖಕ್ಕೆ ಒಂದು ಮಾತು ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು. ಮರುದಿನದಿಂದ ಊರು ಸುಮ್ಮನೆ ದೂರದ ಸೇತುವೆಯ ದಾರಿ ಹಿಡಿಯಿತು. ಆಚೆ ದಂಡೆಯಲ್ಲಿ ಹೆಚ್ಚಿನ ಹೊಲವಿದ್ದ ಬಸವಲಿಂಗ ಗೌಡ ಹೆಣ್ಣುಮಕ್ಕಳನ್ನು ಟೆಂಪೋದಲ್ಲಿ ತುಂಬಿ ಸುತ್ತು ಹಾಕಿಸಿ ಒಯ್ಯತೊಡಗಿದ. ಅರ್ಧ ದಿನ ದಾರಿಯಲ್ಲೇ ಹೋಗುತ್ತಿತ್ತು. ಗೂಟಗಳು ಹೊಳೆಯಲ್ಲಿ ಹಾಗೇ ನಿಂತವು. ಬೇಸಿಗೆಯಲ್ಲಿ ಯಾರೋ ಕಿತ್ತು ಒಲೆಗೆ ಹಾಕಿದರು.

ಅಂದಿನಿಂದ ಹಣಮಮ್ಮನ ಕಾಲಿಗೆ ಮತ್ತಿಷ್ಟು ಕಸಿವಿಸಿ ಹತ್ತಿತು. ಕೂತರೆ ಮೊಳಕಾಲು ಕುಣಿಯುವುದು, ನಿಂತರೆ ಹೆಬ್ಬೆರಳು ನೆಲ ಕೆದರುವುದು. ಅಂಬರಾಯ ಒಂದು ದಿನ ಉಣ್ಣುತ್ತ, “ಏ ಹಣಮಿ, ನೀ ಹಿಂಗ ತಿರುಗಾಕತ್ತಿದ್ರ ನನ್ನ ಗಂಗಾಳನೂ ನಿನ್ನ ಹಿಂದ ಹೊಂಡತದ. ಜರಾ ಕುಂದ್ರು” ಎಂದ.

“ನೀವು ಉಣ್ರಿ ಸುಮ್ಮ. ಮೊಳಕಾಲ ನೀರು ಕಂಡ್ರ ಕಣ್ಣು ಮುಚ್ಚೋರಿಗಿ ನನ್ನ ಕಾಲಿನ ಫಿಕರ್ ಯಾಕ?”

“ನೀರಿಗಿ ಅಂಜತೀನಿ ಅಂತೇ ಇಷ್ಟು ದಿನ ಜೀವಂತ ಅದೀನಿ. ಅನಸುಬಾಯಿಗೂ ಜರಾ ಅಂಜಿಕಿ ಇದ್ದಿದ್ರ ಕೈ ಉಳೀತಿತ್ತು.”

ಹೇಳಿದ ಮೇಲೆ ಅವನಿಗೇ ತನ್ನ ಮಾತು ಕಹಿಯಾಯಿತು. ಹಣಮಮ್ಮ ಕೊಡ ಎತ್ತಿಕೊಂಡು ಹೊರಗೆ ಹೋದಳು. ಕೊಡದ ತುಂಬ ಆಗಲೇ ನೀರಿತ್ತು.

ಈ ವರ್ಷ ಮಳೆ ಜೋರಾಯಿತು. ಹೊಳೆ ಸೇತುವೆಯ ಮೇಲೆ ಹರಿದು ಆಚೆ ಬದಿಯ ರಸ್ತೆಯನ್ನು ಬುಡಸಮೇತ ಕಿತ್ತುಕೊಂಡು ಹೋಯಿತು. ದುರಸ್ತಿಗೆ ಹೊತ್ತು ಹಿಡಿಯುತ್ತದೆ ಎಂದು ಬೋರ್ಡು ಹಾಕಿದರು. ಆಚೆ ತೊಗರಿಯಲ್ಲಿ ಕಳೆ ಎದೆಯೆತ್ತರ ಎದ್ದಿದೆ, ಜೋಳ ಬಿತ್ತುವ ಹದ ಹಾರಿಹೋಗುತ್ತಿದೆ. ಹೊಳೆಯಂತೂ ಇಳಿದಿದೆ. ಹಾಯ್ಗಡ ತೆರೆಯಬೇಕು ಎಂಬುದು ಎಲ್ಲರ ಬಾಯಲ್ಲಿತ್ತು. ಹಣಮಮ್ಮನನ್ನು ಕರೆಯಬೇಕು ಎಂಬುದು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಅವಳು ಶಹಾಬಾದದ ಕೆಲಸಕ್ಕೆ ರಜೆ ಹೇಳಿ, ಗಂಡನೊಡನೆ ಊರಿಗೆ ಬಂದು ಉಳಿದು, ದಿನಕ್ಕೆ ಹತ್ತು ಸಲ ಕಟ್ಟೆಯ ಮುಂದೆ ಹಾಯ್ದು ಹೋದಳು. ಯಾರಾದರೂ ಕರೆದಾರು ಎಂಬ ಆಸೆ.

ಕರೆದವನು ಮಡಿವಾಳಯ್ಯ ಒಬ್ಬನೇ. ಮಠದ ಮನೆಯ ಈ ಅಯ್ಯನಿಗೆ ಮಾತುಗಳ ಹುಚ್ಚು. ಮೊಬೈಲು ಬಂದ ಮೇಲೆ ಆ ಹುಚ್ಚಿಗೆ ರೆಕ್ಕೆ ಬಂದಿತ್ತು.

“ಹಣಮವ್ವ, ಬಾ ಇಲ್ಲಿ, ಕುಂದ್ರು. ಇವತ್ತೊಂದು ಮಜಾ ಸಿಕ್ಕದ.”

“ನಿಂತೇ ಕೇಳತೀನ್ರಿ ಅಯ್ಯನೋರೆ.”

“ನಿಂತರೂ ನಿನ್ನ ಕಾಲು ನಿಲ್ಲಂಗಿಲ್ಲ, ಇರಲಿ. ಭೂಮಿ ತುದೀಗಿ, ಹಿಮ ಬೀಳೋ ಕಡಿ, ಐಸ್‌ಲೆಂಡ್ ಅಂತ ಒಂದು ದ್ವೀಪ ಅದ. ಅಲ್ಲಿ ಮಂದಿ ಹೊಳಿ ಹಾಯೂದಕ್ಕ ‘ವಾಧಾ’ ಅಂತಾರ.”

“ಅನ್ಲಿ ಬಿಡ್ರಿ, ಯಾರು ಬ್ಯಾಡ ಅಂತಾರ?”

“ಪೂರಾ ಕೇಳು. ಸಿಟ್ಟಾಗಿ ಯಾರ ಮ್ಯಾಲರೆ ನುಗ್ಗಿದ್ರೂ ಅದೇ ಮಾತು, ನಮ್ಮ ಹೋರಿ ಹಾಯ್ತು ಅಂದಂಗ. ಮತ್ತ ಒಬ್ಬರ ಸಲುವಾಗಿ ಏನು ಬೇಕಾದ್ರೂ ಮಾಡತೀನಿ ಅನ್ನಲಿಕ್ಕ, ಅವರ ಸಲುವಾಗಿ ಬೆಂಕಿ ಹಾಯ್ತೀನಿ, ಗಂಧಕ ಹಾಯ್ತೀನಿ ಅಂತಾರಂತ. ನಿಮ್ಮ ದ್ಯಾವಪ್ಪ ಮುತ್ತ್ಯಾ ಇಲ್ಲಿ ಹಾಯ್ದ, ಅವರು ಅಲ್ಲಿ ಹಾಯ್ದ್ರು!”

ಹಣಮಮ್ಮನ ಕಾಲು ಒಂದು ಗಳಿಗೆ ನಿಂತಿತು. “ಅವರಿಗೂ ನಮಗೂ ಏನರ ನೆಂಟಸ್ತಾನ ಅದೇನ್ರಿ?”

“ಏನೂ ಇಲ್ಲ, ಅದೇ ಮಜಾ. ಅವರ ಮಾತಿನ ಬೇರು ಬ್ಯಾರೆ. ಬರೇ ‘ಹೋಗೂದು’ ಅನ್ನೂ ಹಳೇ ಅರ್ಥದಾಗಿಂದ ಹುಟ್ಟಿ ಬಂದದ. ನಮ್ಮದು ‘ಜಿಗಿಯೂದು’ ಅನ್ನೂದರಾಗಿಂದ. ಎರಡೂ ಹೋಗಿ ಹೋಗಿ ಕಡೀಗಿ ಹೊಳ್ಯಾಗೇ ಬಿದ್ದಾವ.”

“ಅಲ್ಲಿ ನೀರು ಭಾಳ ಥಂಡ ಇರಬೇಕು. ಮೊದಲಿಗಿ ಇಳಿಯೋರು ಯಾರ್ರಿ? ಗಂಡಸರೋ, ಹೆಣ್ಮಕ್ಕಳೋ?”

“ಕುದುರಿ ಅಂತ.”

“ಹಂಗಾದ್ರ ನನ್ನ ಜಾತಿದೇ” ಎಂದು ನಕ್ಕಳು. ನಗು ಬಹಳ ಹೊತ್ತು ಉಳಿಯಲಿಲ್ಲ. “ಅಯ್ಯನೋರೆ, ಅಲ್ಲಿ ಮುಂದ ಹೋದಾಕಿ ಒಮ್ಮಿ ತಪ್ಪಿದ್ಲು ಅನ್ರಿ. ಮರುವರ್ಷ ಮಂದಿ ಮತ್ತ ಆಕಿ ಹಿಂದೇ ಬರತಾರೇನ್ರಿ?”

ಮಡಿವಾಳಯ್ಯ ಮೊಬೈಲು ನೋಡಿದ, ಅವಳ ಮುಖ ನೋಡಿದ. “ಅದು ಇದರಾಗ ಬರದಿಲ್ಲವ್ವ” ಎಂದ.

ಹಣಮಮ್ಮ ಅಲ್ಲಿಂದ ನೆಟ್ಟಗೆ ಬಸವಲಿಂಗ ಗೌಡನ ಅಂಗಳಕ್ಕೆ ನಡೆದಳು. ಅಲ್ಲಿ ಕೂಲಿಯ ಹೆಣ್ಣುಮಕ್ಕಳು ಸೇರಿದ್ದರು, ಅನಸುಬಾಯಿಯೂ ಇದ್ದಳು.

“ಗೌಡ್ರೆ, ನಾಳಿ ಮುಂಜಾನಿ ನಾ ಹೊಳಿಗಿ ಇಳೀತೀನ್ರಿ.”

ಬಸವಲಿಂಗ ಒಳ್ಳೆಯ ಮನುಷ್ಯ. ಒರಟು ಮಾತು ಅವನ ನಾಲಿಗೆಗೆ ಬರುವುದಿಲ್ಲ. ಮೀಸೆ ತೀಡುತ್ತ, “ಇಳಿ ತಂಗಿ, ಹೊಳಿ ಯಾರಪ್ಪಂದು? ಆದರ ನಿನ್ನ ಹಿಂದ ಬರ್ರಿ ಅಂತ ಇವರಿಗಿ ನಾ ಹ್ಯಾಂಗ ಹೇಳ್ಲಿ?” ಎಂದ.

“ನೀವು ಹೇಳಬ್ಯಾಡ್ರಿ. ಅನಸಕ್ಕ ಹೇಳಲಿ.”

ಎಲ್ಲರೂ ಅನಸುಬಾಯಿಯ ಕಡೆ ತಿರುಗಿದರು. ಅವಳು ಮುರಿದು ಕೂಡಿದ ಕೈಯನ್ನು ಎತ್ತಿದಳು. ಮೊಣಕೈ ಪೂರ್ತಿ ಚಾಚುತ್ತಿರಲಿಲ್ಲ. “ಇದನ್ನ ನೋಡು ಹಣಮಿ. ರೊಟ್ಟಿ ಬಡಿಲಾಕ ಹೋದ್ರ ಅರ್ಧಾ ಚಂದ್ರ ಆಗತದ. ನಿನ್ನ ಹಿಂದ ಮತ್ತ ಬರಲಾಕ ನನಗೇನು ಹುಚ್ಚು ನಾಯಿ ಕಡದದೇನು?”

“ಬೈ ಅಕ್ಕ, ಇನ್ನೂ ಬೈ. ವರ್ಷ ಆತು ನೀ ಬೈಲಿ ಅಂತ ಕಾಯಾಕತ್ತೀನಿ. ಚಿಮಣಿ ನೋಡಿ ಮೋಸ ಹೋದೆ. ನನ್ನ ಕಣ್ಣಿಂದು ತಪ್ಪು, ಹೊಳೀದಲ್ಲ.”

ಅನಸುಬಾಯಿ ಎತ್ತಿದ ಕೈಯನ್ನು ಸೆರಗಿನೊಳಗೆ ಇಳಿಸಿಕೊಂಡಳು. “ನಾಳಿ ದಂಡಿಗಿ ಬಂದು ನೋಡತೀನಿ. ನೋಡೂದಷ್ಟೇ” ಎಂದಳು.

ಹಣಮಮ್ಮನಿಗೆ ಅಷ್ಟು ಸಾಕಾಯಿತು. ಊರಿಗೂ ಅಷ್ಟೇ ಸಾಕಾಯಿತು. ಅನಸುಬಾಯಿ ಮತ್ತೆ ಅವಳ ಹಿಂದೆ ಕಾಲಿಟ್ಟರೆ ಊರೂ ಕಾಲಿಡುತ್ತದೆ, ಅವಳು ದಂಡೆಯಲ್ಲೇ ನಿಂತರೆ ಹಾಯುವ ಮನೆ ಅಲ್ಲಿಗೆ ಮುಗಿಯಿತು. ಇದು ಎಲ್ಲರಿಗೂ ತಿಳಿದಿತ್ತು.

ಮುಂಜಾನೆ ದಂಡೆಗೆ ಜನ ನೆರೆದರು. ಹಣಮಮ್ಮನ ಮಗಳು ರಾಧಿಕಾ ಚಿತ್ತಾಪುರದಿಂದ ಮೊದಲ ಬಸ್ಸಿಗೇ ಬಂದಿದ್ದಳು. ಹೋಂಗಾರ್ಡು ಸೇರಿ, ಪ್ರವಾಹದಲ್ಲಿ ಜನರನ್ನು ಉಳಿಸುವ ತರಬೇತಿ ಮುಗಿಸಿದ ಹುಡುಗಿ. ಬೆನ್ನ ಮೇಲೆ ಚೀಲ, ಮುಖದ ಮೇಲೆ ಸಿಟ್ಟು. ಬಂದವಳೇ ತಾಯಿಯ ಎದುರು ನಿಂತಳು.

“ಯವ್ವಾ, ಹೊಳ್ಯಾಗ ಉಸುಕು ಎಲ್ಲಾ ಮಾರಲಾಕ ತೆಗದು ಒಯ್ದಾರ. ಉಳದದ್ದು ಈ ವರ್ಷದ ಮಹಾಪೂರ ಒಯ್ದದ. ನಿಮ್ಮಪ್ಪನ ಹಾಯ್ಗಡ ಈಗ ಇಲ್ಲ.”

“ಇಲ್ಲ ಅಂತ ನನ್ನ ಕಾಲು ಹೇಳಲಿ. ನಿನ್ನ ಮಾತು ಕೇಳಿ ಹೊಳ್ಳಿ ಹೋದ್ರ ಅನಸಕ್ಕ ಏನಂದಾಳು?”

ಈ ಸಲ ಹಣಮಮ್ಮ ಕಣ್ಣಿನ ತಪ್ಪು ಮಾಡಲಿಲ್ಲ. ತಲೆ ಕತ್ತರಿಸಿದ ಹಳೆಯ ಚಿಮಣಿಯ ಮೋಟು ಎಲ್ಲಿದೆಯೆಂದು ಹಿಂದಿನ ದಿನವೇ ದಿಬ್ಬ ಹತ್ತಿ ನೋಡಿಟ್ಟಿದ್ದಳು. ಬೆನ್ನು ಕಟ್ಟೆಗೆ, ಮುಖ ಮೋಟಿಗೆ. ನೀರಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು ಇಳಿದಳು. ಮೊಳಕಾಲು, ತೊಡೆ, ನಡು. ತಳದಲ್ಲಿ ಅಪ್ಪನ ಕಾಲದ ಉಸುಕು ಇನ್ನೂ ಒಂದಿಷ್ಟು ಇತ್ತು. ಅಂಗಾಲಿನ ಕೆಳಗೆ ಕರಗಿ ಸರಿಯುತ್ತಿತ್ತು. ನಡುಹೊಳೆ ಹತ್ತಿರವಾದಾಗ ನೀರು ಎದೆಗೇರಿತು. ಇನ್ನೊಂದು ಹೆಜ್ಜೆ ಮುಂದಿಟ್ಟಳು. 

ಅಲ್ಲಿ ತಳ ಇರಲಿಲ್ಲ.

ಬೆರಳ ತುದಿಯಿಂದ ಹುಡುಕಿದಳು, ಸಿಗಲಿಲ್ಲ. ದಂಡೆಯ ಮೇಲೆ ನಿಂತವರಿಗೆ ಅವಳ ತಲೆ, ಹೆಗಲು ಮಾತ್ರ ಕಾಣುತ್ತಿದ್ದವು. ನೀರಿನ ಒಳಗೆ ಕೈಕಾಲು ಏನು ಮಾಡುತ್ತಿವೆ ಎಂಬುದು ಅವಳಿಗೊಬ್ಬಳಿಗೇ ಗೊತ್ತು. ಈಜು ಗೊತ್ತಿದ್ದ ಜೀವ, ತಾನಾಗಿ ಈಜಿತು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕಾಲಿಗೆ ಕೆಸರು ಸಿಕ್ಕಿತು. ಹಣಮಮ್ಮ ಆಚೆ ದಂಡೆ ಹತ್ತಿ ಸೀರೆ ಹಿಂಡಿಕೊಂಡಳು.

ಈಚೆ ದಂಡೆಯಲ್ಲಿ ಕೇಕೆ ಎದ್ದಿತು. “ಹಾಯ್ದಳು! ಹಣಮಮ್ಮ ಹಾಯ್ದಳು!” ಬಸವಲಿಂಗ ಗೌಡ ಪಟಗಾ ಬಿಚ್ಚಿ ಬೀಸಿದ. “ಗೂಟ ನೆಡಕೋತ ಬಾ ತಂಗಿ, ನಾಳೀನೇ ಕಳೆ ತೆಗಿಲಾಕ ಇಳಸೂಣು!” ಎಂದು ಕೂಗಿದ. ಅನಸುಬಾಯಿ ತನಗೇ ಅರಿವಿಲ್ಲದೆ ಸೀರೆಯ ನೆರಿಗೆ ಮೇಲೆತ್ತಿ ನೀರಿನ ಅಂಚಿಗೆ ಬಂದಿದ್ದಳು. ಅವಳ ಪಾದ ಒದ್ದೆಯಾಗಿತ್ತು.

ಹಣಮಮ್ಮನಿಗೆ ಅದು ಕಂಡಿತು. ವರ್ಷವೆಲ್ಲ ಬೇಡಿದ್ದು ಅದನ್ನೇ. ಒಂದು ಮಾತು ನುಂಗಿದರೆ ಸಾಕು, ಎಲ್ಲ ಮೊದಲಿನಂತಾಗುತ್ತದೆ. ಗೂಟ ಎಲ್ಲಿ ನೆಟ್ಟರೂ ಊರು ನಂಬುತ್ತದೆ. ಅವಳು ದಂಡೆಯ ಉದ್ದಕ್ಕೆ ಆ ಕಡೆ ನಾಲ್ಕು ಹೆಜ್ಜೆ, ಈ ಕಡೆ ನಾಲ್ಕು ಹೆಜ್ಜೆ ಇಟ್ಟಳು. ಆಮೇಲೆ ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು.

“ಹಾಯ್ದಿಲ್ರೀ! ನಡುವ ಕಾಲು ತಳ ಬಿಡ್ತು. ಈಜಿ ಬಂದೀನಿ. ಅನಸಕ್ಕ, ಹಿಂದಕ ಸರಿ!”

ಕೇಕೆ ನಿಂತಿತು. ಯಾರೋ “ಇಷ್ಟೇ ಬಾಕಿ ಇತ್ತು ನೋಡು” ಎಂದರು. ಅನಸುಬಾಯಿ ನೆರಿಗೆ ಇಳಿಸಿದಳು. ಆದರೆ ಮನೆಗೆ ಹೋಗಲಿಲ್ಲ. ಅಲ್ಲೇ ಒಂದು ಕಲ್ಲಿನ ಮೇಲೆ ಕೂತಳು.

“ಆತು ಬಿಡು!” ಬಸವಲಿಂಗನ ದನಿ ನೀರಿನ ಮೇಲೆ ಹರಿದು ಬಂತು. “ಸೇತುವಿ ರಿಪೇರಿ ಆಗೂತನ ತಡಿಯೂಣು. ಅಲ್ಲೇ ಕುಂದ್ರು, ಚಿತ್ತಾಪುರದಿಂದ ಬೋಟ್ ತರಸ್ತೀನಿ!”

ಹಣಮಮ್ಮ ಕೂಡಲಿಲ್ಲ. ದಂಡೆ ಹಿಡಿದು ಮೇಲಕ್ಕೆ ನಡೆದಳು. ನೀರಿನ ಮೈ ನೋಡುತ್ತ ಹೋದಳು. ಒಂದು ಕಡೆ ಹೊಳೆ ಹೆದರಿದ ಎಮ್ಮೆಯ ಚರ್ಮದಂತೆ ಸಣ್ಣಗೆ ನಡುಗುತ್ತಿತ್ತು, ಈ ದಂಡೆಯಿಂದ ಆ ದಂಡೆಯವರೆಗೆ ಒಂದು ಅಡ್ಡಗೆರೆ. ಈ ಜಾಗ ಅವಳಿಗೆ ಗೊತ್ತು. ಇಲ್ಲಿ ಕಲ್ಲಿದೆ, ಕುರಿಯ ಕಾಲು ಜಾರುತ್ತದೆ, ಇಳಿಯಬೇಡ ಎಂದು ಅಪ್ಪ ಹೇಳುತ್ತಿದ್ದ. ಅಪ್ಪನ ಕಾಲಕ್ಕೆ ಉಸುಕು ಇತ್ತು, ಕಲ್ಲಿನ ಹಂಗಿರಲಿಲ್ಲ. ಈಗ ಉಸುಕೆಲ್ಲ ಹೋಗಿ ಹೊಳೆ ತನ್ನ ಎಲುಬು ತೋರಿಸುತ್ತಿದೆ. ಈ ಕಲ್ಲು ಯಾವುದು? ಶಹಾಬಾದದಲ್ಲಿ ದಿನವೂ ತಾನು ಮೆಟ್ಟುವ ಕಲ್ಲೇ. ಸೀಮೆಯ ಮನೆಮನೆಯ ನೆಲಕ್ಕೆ ಹಾಸಿದ ಫರಸಿಯೇ, ಪದರದ ಮೇಲೆ ಪದರ.

ಇಳಿದಳು. ಮೊದಲ ಕಲ್ಲು ಪಾಚಿಗಟ್ಟಿ ಜಾರಿತು. ಹಿಮ್ಮಡಿಯಿಂದ ಪಾಚಿ ಕೆರೆದು ನಿಂತಳು. ಎರಡನೆಯದು ಒರಟು. ಮೂರನೆಯದು ಮೆಟ್ಟಿಲಿನಂತೆ ಒಂದು ಗೇಣು ಕೆಳಗೆ. ತೊಡೆ, ನಡು. ನಡುಹೊಳೆಗೆ ಬಂದಾಗಲೂ ನೀರು ಎದೆ ಮುಟ್ಟಲಿಲ್ಲ. ಕಾಲಿನ ಕೆಳಗೆ ಗಟ್ಟಿ ನೆಲ, ಆದರೆ ಇಲ್ಲಿ ಸೆಳವು ಬಹಳ. ಉಸುಕಿನ ಹೊಳೆ ಕಾಲಿನ ಕೆಳಗಿಂದ ಕದಿಯುತ್ತದೆ. ಕಲ್ಲಿನ ಹೊಳೆ ಎದುರಿಗೇ ಬಂದು ದೂಡುತ್ತದೆ. ಒಂದು ಹೆಜ್ಜೆ ತಪ್ಪಿ ಮೊಳಕಾಲು ಕಲ್ಲಿಗೆ ಬಡಿಯಿತು. ತಲೆ ಒಮ್ಮೆ ನೀರಿನೊಳಗೆ ಹೋಗಿ ಬಂತು. ಕೆಮ್ಮುತ್ತ, ಅಡ್ಡ ತಿರುಗಿ, ಎರಡೂ ಕಾಲು ಅಗಲಿಸಿ ನಿಂತಳು. ಮೊಳಕಾಲಿನ ಕಡೆ ನೀರು ಒಂದಿಷ್ಟು ಕೆಂಪಾಗಿ, ಹರಿದು ತಿಳಿಯಾಯಿತು.

ಈಚೆ ದಂಡೆಯಲ್ಲಿ ಜನವೆಲ್ಲ ಮೇಲಕ್ಕೆ ಓಡಿ ಬಂದಿತ್ತು. ರಾಧಿಕಾ ಕೇಸರಿ ಬಣ್ಣದ ಜಾಕೀಟು ತೊಟ್ಟು, ಚೀಲದಿಂದ ಹಗ್ಗ ತೆಗೆದು, ತುದಿಗೆ ಕುಣಿಕೆ ಹಾಕಿ ತೊಡೆಮಟ್ಟದ ನೀರಿಗೆ ಇಳಿದಿದ್ದಳು. ಅವಳ ಬೆನ್ನಿಗೆ ಅಂಬರಾಯ. ಜನ್ಮದಲ್ಲಿ ಹೊಳೆಗೆ ಕಾಲಿಡದವನು ಮೊಳಕಾಲುದ್ದ ನೀರಿನಲ್ಲಿ ಮಗಳ ಜಾಕೀಟಿನ ಪಟ್ಟಿ ಹಿಡಿದು ನಿಂತಿದ್ದ. ಕಣ್ಣು ಮುಚ್ಚಿರಲಿಲ್ಲ.

“ಯವ್ವಾ, ಅಲ್ಲೇ ನಿಂದ್ರು! ಹಗ್ಗ ಒಗೀತೀನಿ, ನಡಕ್ಕ ಹಾಕ್ಕೋ! ಇನ್ನ ಸ್ವಲ್ಪೇ ಉಳದದ, ನಾವು ಜಗ್ಗತೀವಿ!”

“ಹಿಡಕೋ ಹಣಮೀ, ನಿನ್ನ ಕಾಲು ಬೀಳತೀನಿ!” ಎಂದ ಅಂಬರಾಯ.

ಹಗ್ಗ ಬೀಸಿ ಬಂದು ಅವಳಿಂದ ಒಂದು ಮಾರು ಮೇಲಕ್ಕೆ ಬಿದ್ದಿತು. ಹೊಳೆ ಅದನ್ನು ಅವಳ ಕೈ ಹತ್ತಿರಕ್ಕೇ ತಂದಿತು. ಹಣಮಮ್ಮ ಅದನ್ನು ಮೊಣಕೈಯಿಂದ ಆಚೆ ದೂಡಿದಳು. ಎಡಗಾಲಿನ ಬೆರಳುಗಳು ಮುಂದಿನ ಕಲ್ಲಿನ ಅಂಚು ಹುಡುಕುತ್ತಿದ್ದವು. ಮುಖ ಎತ್ತದೆಯೇ ಅವಳು ಕೂಗಿದ್ದು ದಂಡೆಯ ಮೇಲಿನ ಎಲ್ಲರಿಗೂ ಕೇಳಿಸಿತು.

“ಜಗ್ಗಿಕೋ ರಾಧಿ ನಿನ್ನ ಹಗ್ಗ, ನನಗ ಬ್ಯಾಡ! ಅದನ್ನ ಹಿಡದು ನಾ ನಿಂತೆ ಅಂದ್ರ, ನನ್ನ ನಿಲ್ಲಸಿದ್ದು ಕಲ್ಲೋ ಹಗ್ಗೋ ಅಂತ ನನಗ ಹ್ಯಾಂಗ ತಿಳೀಬೇಕು? ನಾಳಿ ಅನಸಕ್ಕ ತಲಿಮ್ಯಾಲ ಬುತ್ತಿ ಹೊತ್ತು ಇಲ್ಲೇ ಬರತಾಳ. ಆಕಿಗಿ ದಿನಾ ಹಗ್ಗ ಹಿಡಿಲಾಕ ನೀ ಬರ್ತೀಯೇನು? ಆಕಿ ಹ್ಯಾಂಗ ಬರತಾಳೋ ನಾನೂ ಹಂಗೇ ಬರಬೇಕು. ಮೊದಲು ನಿಮ್ಮಪ್ಪನ್ನ ದಂಡಿಗಿ ಹಾಕು, ಅವರು ಬಿದ್ದರ ಹುಡಕಲಾಕ ನನಗೀಗ ಪುರುಸೊತ್ತಿಲ್ಲ. ಸರೀರಿ ಎಲ್ಲಾರೂ, ಬರೋ ದಾರ್ಯಾಗ ನಿಂತೀರಿ!”